ಟವೆಲ್ ಚೀಟಿಯ ಹಿಂದಿನ ಲೆಕ್ಕ

ದೊಡ್ಡ ಹೋಟೆಲುಗಳಲ್ಲಿ ತಂಗಿದವರು ಬಾತ್‌ರೂಮಿನಲ್ಲಿ ಒಂದು ಚಿಕ್ಕ ಚೀಟಿಯನ್ನು ನೋಡಿಯೇ ಇರುತ್ತಾರೆ. ಪರಿಸರ ಉಳಿಸಲು ಟವೆಲನ್ನು ಇನ್ನೊಂದು ದಿನ ಬಳಸಿ ಎಂಬ ವಿನಂತಿ ಅದರಲ್ಲಿರುತ್ತದೆ. 1983ರಲ್ಲಿ ಜೇ ವೆಸ್ಟರ್‌ವೆಲ್ಡ್ ಎಂಬ ಅಮೆರಿಕದ ಪರಿಸರವಾದಿ ಫಿಜಿ ದ್ವೀಪದ ಒಂದು ರೆಸಾರ್ಟಿನಲ್ಲಿ ಇಂಥದ್ದೇ ಚೀಟಿ ಕಂಡರು. ಕಡಲನ್ನು ಉಳಿಸಿ ಎಂದು ಅತಿಥಿಗಳಿಗೆ ಹೇಳುತ್ತಿದ್ದ ಆ ರೆಸಾರ್ಟ್ ಅದೇ ಕಡಲತೀರದಲ್ಲಿ ತನ್ನ ಕಟ್ಟಡಗಳನ್ನು ವಿಸ್ತರಿಸುತ್ತಿತ್ತು. 1986ರಲ್ಲಿ ಅವರು ಬರೆದ ಲೇಖನದಿಂದ ‘ಗ್ರೀನ್‌ವಾಷಿಂಗ್’ ಎಂಬ ಶಬ್ದ ಬಳಕೆಗೆ ಬಂತು. ಬಿರುಕು ಕಾಣದಂತೆ ಗೋಡೆಗೆ ಸುಣ್ಣ ಬಳಿಯುತ್ತೇವಲ್ಲ, ಹಾಗೆಯೇ ಇಲ್ಲಿ ಹಸಿರು ಬಳಿಯುವುದು. ಶಬ್ದ ಹುಟ್ಟಿದ್ದು ನಮ್ಮದೇ ಉದ್ಯಮದಲ್ಲಿ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡೋಣ.

ಟವೆಲ್ ಒಗೆಯದಿದ್ದರೆ ನೀರು ಉಳಿಯುತ್ತದೆ, ಅದು ಸುಳ್ಳಲ್ಲ. ಜತೆಗೆ ಸಾಬೂನು, ಕರೆಂಟು, ಲಾಂಡ್ರಿ ಖರ್ಚೂ ಉಳಿಯುತ್ತದೆ. ಆದರೆ ಆ ಉಳಿತಾಯ ಅತಿಥಿಯ ಬಿಲ್ಲಿನಲ್ಲಿ ಕಾಣುವುದಿಲ್ಲ. ಯಾವ ದೊಡ್ಡ ಕಂಪನಿ ಪರಿಸರದ ಮಾತಾಡಿದರೂ ನೋಡಬೇಕಾದದ್ದು ಇಷ್ಟೇ: ಖರ್ಚು ಯಾರಿಗೆ ಉಳಿಯಿತು, ಹೊರೆ ಯಾರ ತಲೆಗೆ ಬಂತು?

ನಮ್ಮ ಕೌಂಟರಿಗೆ ಹತ್ತಿರದ ಉದಾಹರಣೆ ಕೂಲ್ ಡ್ರಿಂಕ್ಸ್ ಬಾಟಲಿ. ಹಳಬರಿಗೆ ನೆನಪಿದೆ, ಕ್ರೇಟಿಗೆ ಡಿಪಾಸಿಟ್ ಕೊಡಬೇಕು, ಖಾಲಿ ಬಾಟಲಿ ಎಣಿಸಿ ಇಡಬೇಕು, ಒಡೆದರೆ ನಮ್ಮ ಲೆಕ್ಕಕ್ಕೆ. ಕಿರಿಕಿರಿಯೇ ಸರಿ. ಆದರೆ ಬಾಟಲಿಯನ್ನು ವಾಪಸ್ ಒಯ್ದು, ತೊಳೆದು, ಮತ್ತೆ ತುಂಬುವ ಕೆಲಸ ಕಂಪನಿಯದಾಗಿತ್ತು. ಪ್ಲಾಸ್ಟಿಕ್ ಬಾಟಲಿ ಬಂದದ್ದೇ ಕಂಪನಿಗೆ ಆ ಖರ್ಚು ತಪ್ಪಿತು. ಖಾಲಿ ಬಾಟಲಿ ನಮ್ಮ ಕಸದ ಡಬ್ಬಿಗೆ, ಅಲ್ಲಿಂದ ಪಾಲಿಕೆಯ ಗಾಡಿಗೆ ಬಿತ್ತು.

ಅಮೆರಿಕದಲ್ಲಿ ಇದು ಮೊದಲೇ ನಡೆದಿತ್ತು. 1953ರಲ್ಲಿ ವರ್ಮಾಂಟ್ ರಾಜ್ಯವು ಕುಡಿದು ಬಿಸಾಡುವ ಬಾಟಲಿಯಲ್ಲಿ ಬಿಯರ್ ಮಾರಬಾರದೆಂದು ಕಾನೂನು ತಂದಿತು. ಅದೇ ವರ್ಷ ಡಬ್ಬಿ, ಬಾಟಲಿ ಮಾಡುವ ಕಂಪನಿಗಳು ಮುಂದಾಗಿ ‘ಕೀಪ್ ಅಮೆರಿಕ ಬ್ಯೂಟಿಫುಲ್’ ಎಂಬ ಸಂಸ್ಥೆ ಕಟ್ಟಿದವು. ವರ್ಮಾಂಟಿನ ಕಾನೂನು 1957ರಲ್ಲಿ ಕೊನೆಗೊಂಡಿತು. ಸಂಸ್ಥೆ ಮಾತ್ರ ಬೆಳೆಯಿತು. 1971ರಲ್ಲಿ ಅದು ಟಿವಿಯಲ್ಲಿ ತೋರಿಸಿದ ಜಾಹೀರಾತಿನಲ್ಲಿ ಮೂಲನಿವಾಸಿಯೊಬ್ಬ ರಸ್ತೆ ಬದಿಯ ಕಸ ಕಂಡು ಕಣ್ಣೀರಿಡುತ್ತಾನೆ. ಕಸ ಮಾಡುವವರು ಜನ, ನಿಲ್ಲಿಸಬೇಕಾದವರೂ ಜನ ಎಂಬುದು ಅದರ ಸಾರ. ಬಾಟಲಿ ಮಾಡಿದವರ ಸುದ್ದಿಯೇ ಇಲ್ಲ! (ಅತ್ತ ನಟ ಇಟಲಿ ಮೂಲದವರೆಂದು ಆಮೇಲೆ ಬಯಲಾಯಿತು, ಅದು ಬೇರೆ ತಮಾಷೆ.) ಬಾಟಲಿಗೆ ಡಿಪಾಸಿಟ್ ಕಡ್ಡಾಯ ಮಾಡುವ ಕಾನೂನುಗಳನ್ನು ಪಾನೀಯ ಮತ್ತು ಡಬ್ಬಿ ಕಂಪನಿಗಳು ಆ ದಿನಗಳಲ್ಲೇ ವಿರೋಧಿಸುತ್ತಿದ್ದವು.

ಹಳೆಯ ಕಥೆ ಎನ್ನಬೇಡಿ. 2030ರೊಳಗೆ ತಾನು ಮಾರುವಷ್ಟು ಬಾಟಲಿ, ಕ್ಯಾನುಗಳನ್ನು ವಾಪಸ್ ಸಂಗ್ರಹಿಸುವುದಾಗಿ ಕೋಕಾ-ಕೋಲಾ 2018ರಲ್ಲಿ ಸಾರಿತು. ಶೇ. 25ರಷ್ಟು ಪಾನೀಯವನ್ನು ಮತ್ತೆ ತುಂಬಿಸಬಹುದಾದ ಬಾಟಲಿ ಇತ್ಯಾದಿಗಳಲ್ಲಿ ಮಾರುವುದಾಗಿ 2022ರಲ್ಲಿ ಸೇರಿಸಿತು. 2024ರ ಡಿಸೆಂಬರಿನಲ್ಲಿ ಗುರಿಗಳನ್ನು ತಿದ್ದಿ ಬರೆದಾಗ ಸಂಗ್ರಹದ ಗುರಿ ಶೇ. 70ರಿಂದ 75ಕ್ಕೆ ಇಳಿಯಿತು, ಗಡುವು 2035ಕ್ಕೆ ಹೋಯಿತು. ಶೇ. 25ರ ಮಾತು ಕಾಣೆಯಾಯಿತು. ಸ್ವಂತ ಇಚ್ಛೆಯ ವಚನ, ಮುರಿದರೆ ಕೇಳುವವರಿಲ್ಲ.

ನಾವು ಮುರಿದರೆ? 2018ರಲ್ಲಿ ಮಹಾರಾಷ್ಟ್ರ ಪ್ಲಾಸ್ಟಿಕ್ ನಿಷೇಧಿಸಿದಾಗ ಮೊದಲ ತಪ್ಪಿಗೇ 5,000 ರೂ. ದಂಡವಿತ್ತು. 2022ರ ಜುಲೈ 1ರಿಂದ ದೇಶಾದ್ಯಂತ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಸ್ವೀಟ್ ಬಾಕ್ಸಿನ ಮೇಲಿನ ಹಾಳೆ ಎಲ್ಲ ಬಂದ್. ಬೇಕಾದದ್ದೇ, ತಕರಾರಿಲ್ಲ. ಆದರೆ ಆ ಪಟ್ಟಿಯಲ್ಲಿ ಪಾನೀಯದ ಬಾಟಲಿಯೂ ಇಲ್ಲ, ಚಿಪ್ಸ್ ಪ್ಯಾಕೆಟ್ಟೂ ಇಲ್ಲ, ಶಾಂಪೂ ಸ್ಯಾಶೆಯೂ ಇಲ್ಲ. ಅವುಗಳ ಕಂಪನಿಗಳಿಗೆ ಪ್ಯಾಕಿಂಗ್ ಕಸದ ಹೊಣೆಯ ಪ್ರತ್ಯೇಕ ನಿಯಮವಿದೆ. ಅದರ ಲೆಕ್ಕ ನಡೆಯುವುದು ಆನ್‌ಲೈನ್ ಪೋರ್ಟಲಿನಲ್ಲಿ. ನಮ್ಮ ಲೆಕ್ಕ ಗಲ್ಲಾದ ಮುಂದೆಯೇ ನಡೆಯುತ್ತದೆ.

ಈಗ ನಮ್ಮ ಸರದಿ. ‘ಕಂಪೋಸ್ಟೇಬಲ್’ ಎಂದು ಬರೆದ ಪಾರ್ಸೆಲ್ ಡಬ್ಬಿಗೆ ಹೆಚ್ಚು ದುಡ್ಡು ಕೊಟ್ಟು ಅನೇಕರು ತರಿಸುತ್ತಿದ್ದಾರೆ. ಇಂಥ ಪ್ಲಾಸ್ಟಿಕ್ ಬಹುಪಾಲು ಕರಗುವುದು ಸುಮಾರು 58 ಡಿಗ್ರಿ ಶಾಖ ಕಾಯ್ದುಕೊಳ್ಳುವ ಗೊಬ್ಬರ ಘಟಕದಲ್ಲಿ. ಊರಿನ ಕಸದ ಗುಡ್ಡೆಯಲ್ಲಿ ಅದೂ ಪ್ಲಾಸ್ಟಿಕ್ಕಿನಂತೆಯೇ ಬಿದ್ದಿರುತ್ತದೆ. ಪೇಪರ್ ಲೋಟದ ಒಳಗೂ ಸಾಮಾನ್ಯವಾಗಿ ತೆಳು ಪ್ಲಾಸ್ಟಿಕ್ ಲೇಪವಿರುತ್ತದೆ. ಸ್ಟೀಲ್ ಲೋಟ ತೊಳೆದು ಕೊಡುವ ನಮ್ಮ ಹಳೆಯ ಪದ್ಧತಿಗೆ ಮಾತ್ರ ಯಾರೂ ಹಸಿರು ಸ್ಟಿಕ್ಕರ್ ಅಂಟಿಸುವುದಿಲ್ಲ.

ಮೆನು ಕಾರ್ಡಿನಲ್ಲಿ ‘ಪರಿಸರ ಸ್ನೇಹಿ’ ಎಂದು ಮುದ್ರಿಸುವ ಮುನ್ನ ಸ್ವಲ್ಪ ಯೋಚಿಸಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಪುರಾವೆ ಇಲ್ಲದೆ ಇಂಥ ಮಾತು ಬಳಸುವಂತಿಲ್ಲ, ಸೇವೆ ಕೊಡುವವರಿಗೂ ಇದು ಅನ್ವಯ. ಡಬ್ಬಿಯವನು ಬಂದಾಗ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಕೇಳಿ, ಡಬ್ಬಿಯ ಮೇಲೆ ತಯಾರಕರ ಹೆಸರು, ಪ್ರಮಾಣಪತ್ರದ ಸಂಖ್ಯೆ ಇದೆಯೇ ನೋಡಿ. ಒಂದು ಝೆರಾಕ್ಸ್ ಪ್ರತಿ ಬಿಲ್ಲಿನ ಜತೆ ಫೈಲಿನಲ್ಲಿರಲಿ. ಪಾಲಿಕೆಯವರು ಬಂದಾಗ ಡಬ್ಬಿಯವನು ಅಲ್ಲಿರುವುದಿಲ್ಲ.