ಹಳೇ ಷೆವರ್ಲೆ ಸಾಕುವುದು ಕಷ್ಟವೇ?

ಪ್ರಶ್ನೆ: 1950ರ ದಶಕದ ಅಮೆರಿಕನ್ ಕಾರು ಸಾಕುವುದು ನಮ್ಮಂಥವರಿಗೆ ಆಗುವ ಮಾತೇ?
— ಓದುಗರೊಬ್ಬರು, ಕೊಪ್ಪ, ಮದ್ದೂರು ತಾಲ್ಲೂಕು

ಉತ್ತರ: ಆಗುತ್ತದೆ, ದುಡ್ಡಿಗಿಂತ ತಾಳ್ಮೆ ಹೆಚ್ಚು ಬೇಕು. ಕೊಳ್ಳುವ ಮೊದಲು ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯ ನೋಡಿ ಬನ್ನಿ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹವದು.

ಜನರಲ್ ಮೋಟರ್ಸ್ 1954ರವರೆಗೆ ಮುಂಬೈಯಲ್ಲೇ ಷೆವರ್ಲೆ ಜೋಡಿಸುತ್ತಿತ್ತು. ಅವುಗಳದು 6 ವೋಲ್ಟ್ ಬ್ಯಾಟರಿ. ಇಂದಿನ 12 ವೋಲ್ಟಿನ ಬಲ್ಬು ಹಾಕಿದರೆ ಮಿಣಮಿಣ ಅನ್ನುತ್ತದಷ್ಟೆ.

ನಿಜವಾದ ತಲೆನೋವು ಪೆಟ್ರೋಲಿನದು. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತದ್ದು. ನಿಮ್ಮ ಸೀಮೆಯ ಕಬ್ಬಿಗೆ ಒಳ್ಳೆಯದೇ, ಹಳೇ ಕಾರಿಗಲ್ಲ. ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಂ ಉಬ್ಬಿ, ಮೆತ್ತಗಾಗಿ, ಸೋರತೊಡಗುತ್ತವೆ. ತಿಂಗಳುಗಟ್ಟಲೆ ನಿಲ್ಲಿಸಿದರೆ ಎಥೆನಾಲ್ ತೇವ ಹೀರಿ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಮೊದಲು ಪೈಪು, ಡಯಾಫ್ರಂ ಎರಡನ್ನೂ ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿ. ಗಾಡಿಯನ್ನು ಆಗಾಗ ಓಡಿಸಿ.

ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಕಾರಿಗೆ 2021ರ ನಿಯಮದಂತೆ ‘ವಿಂಟೇಜ್’ ನೋಂದಣಿ ಉಂಟು. ಹೊಸದಾಗಿ ಮಾಡಿಸಲು ಶುಲ್ಕ 20,000 ರೂ., ಅವಧಿ 10 ವರ್ಷ. ಆಮೇಲೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ಮದ್ದೂರು ವಡೆಯ ನೆಪ ನಡೆಯದು. ಬಂಕಿನ ನೆಪ ನಡೆಯುತ್ತದೆ.