ಚೌಕಟ್ಟಿನ ಆಯ್ಕೆ, ಚಿತ್ರೀಕರಣದ ಸಿದ್ಧತೆ

ಮನುಷ್ಯನ ಕಣ್ಣು ಎದುರಿಗಿರುವುದರಲ್ಲಿ ತನಗೆ ಬೇಕಾದುದನ್ನು ಮಾತ್ರ ಆಯ್ದು ಗಮನಿಸುತ್ತದೆ. ಕ್ಯಾಮೆರಾ ಹಾಗಲ್ಲ, ತನ್ನ ಮುಂದೆ ಬಂದುದೆಲ್ಲವನ್ನೂ ಭೇದವಿಲ್ಲದೆ ದಾಖಲಿಸುತ್ತದೆ. ಆದ್ದರಿಂದ ಏನನ್ನು ಒಳಗಿಟ್ಟುಕೊಳ್ಳಬೇಕು, ಏನನ್ನು ಹೊರಗಿಡಬೇಕು ಎಂದು ನಿರ್ಧರಿಸುವ ಫ್ರೇಮಿಂಗ್, ಅಂದರೆ ದೃಶ್ಯಕ್ಕೆ ಚೌಕಟ್ಟು ಹಾಕುವ ಕೆಲಸ, ಚಿತ್ರೀಕರಿಸುವವರ ಮೊದಲ ಹೊಣೆಯಾಗುತ್ತದೆ. ಮನೆಯ ಹಿರಿಯರೊಬ್ಬರು ಹಾಡುವ ಸೋಬಾನೆ ಪದಗಳನ್ನು ಮೊಬೈಲ್ ಫೋನಿನಲ್ಲಿ ದಾಖಲಿಸುವ ಸಂದರ್ಭವನ್ನು ಗಮನಿಸಿದರೆ ಈ ಹೊಣೆಯ ಸ್ವರೂಪ ಸ್ಪಷ್ಟವಾಗುತ್ತದೆ.

ವ್ಯಕ್ತಿಯನ್ನೂ ಸುತ್ತಲಿನ ಪರಿಸರವನ್ನೂ ಒಟ್ಟಿಗೆ ತೋರಿಸುವ ಲಾಂಗ್ ಶಾಟ್ ಹಾಡು ನಡೆಯುತ್ತಿರುವ ಸ್ಥಳವನ್ನು ಪರಿಚಯಿಸಿದರೆ, ಸೊಂಟದಿಂದ ಮೇಲಿನ ಭಾಗವನ್ನು ತೋರಿಸುವ ಮಿಡ್ ಶಾಟ್ ಕೈಗಳ ಚಲನೆಯನ್ನೂ, ಮುಖವನ್ನಷ್ಟೇ ತುಂಬಿಕೊಳ್ಳುವ ಕ್ಲೋಸಪ್ ಭಾವವನ್ನೂ ಹಿಡಿಯುತ್ತವೆ. ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಸಮಭಾಗ ಮಾಡಿದಾಗ ಗೆರೆಗಳು ಸಂಧಿಸುವ ಬಿಂದುಗಳ ಬಳಿ ಕಣ್ಣುಗಳು ಬರುವಂತೆ ನೋಡಿಕೊಳ್ಳುವುದು ಮೂರನೇ ಒಂದರ ನಿಯಮ ಎನಿಸಿಕೊಂಡಿದ್ದು, ಇದಕ್ಕೆ ಬೇಕಾದ ಗೆರೆಗಳನ್ನು ಬಹುತೇಕ ಫೋನುಗಳು ಪರದೆಯ ಮೇಲೆಯೇ ತೋರಿಸುತ್ತವೆ. ಕ್ಯಾಮೆರಾ ಹಾಡುವವರ ಕಣ್ಣಿನ ಮಟ್ಟದಲ್ಲಿರಬೇಕು. ತಲೆಯ ಮೇಲೆ ಅತಿಯಾದ ಖಾಲಿ ಜಾಗ ಉಳಿಯಬಾರದು. ನೋಟ ಹರಿದ ದಿಕ್ಕಿನಲ್ಲಿ ಮಾತ್ರ ಸ್ವಲ್ಪ ತೆರಪಿರಬೇಕು. ಬೆನ್ನ ಹಿಂದಿನ ಕ್ಯಾಲೆಂಡರು, ಒಣಹಾಕಿದ ಬಟ್ಟೆ, ಓಡುತ್ತಿರುವ ಟಿ.ವಿ. ಇವೆಲ್ಲ ನೋಡುಗರ ಗಮನವನ್ನು ಕಸಿಯುವುದರಿಂದ ಅವುಗಳನ್ನು ಮೊದಲೇ ಸರಿಸುವುದು ಲೇಸು.

ಚೌಕಟ್ಟಿಗೆ ಜೀವ ಕೊಡುವುದು ಬೆಳಕು. ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ. ಕೆ. ಮೂರ್ತಿ ಅವರು ಗುರುದತ್ ನಿರ್ದೇಶನದ ‘ಕಾಗಜ್ ಕೆ ಫೂಲ್’ (1959) ಚಿತ್ರದ ಹಾಡೊಂದಕ್ಕೆ ಹೊರಗಿನ ಬಿಸಿಲನ್ನೇ ಕನ್ನಡಿಗಳ ಮೂಲಕ ಸ್ಟುಡಿಯೊದೊಳಕ್ಕೆ ತಿರುಗಿಸಿ, ಇಂದಿಗೂ ಮೆಚ್ಚುಗೆ ಪಡೆಯುವ ಬಿಸಿಲುಕೋಲನ್ನು ಮೂಡಿಸಿದರು. ಬೆಳಕಿನ ದಿಕ್ಕನ್ನು ಅರಿತು ದುಡಿಸಿಕೊಳ್ಳುವ ಈ ವಿವೇಕ ಮನೆಯಲ್ಲೂ ಸಾಧ್ಯ: ಕಿಟಕಿಗೆ ಬೆನ್ನು ಮಾಡಿ ಕುಳಿತವರ ಮುಖ ಕಪ್ಪಿಡುತ್ತದೆ, ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಕುಳಿತರೆ ಮುಖದ ಗೆರೆಗಳೆಲ್ಲ ಮೃದುವಾಗಿ ತೆರೆದುಕೊಳ್ಳುತ್ತವೆ.

ವಿದ್ಯುದ್ದೀಪಗಳ ಅಡಿಯಲ್ಲಿ ಇನ್ನೊಂದು ಎಚ್ಚರ ಬೇಕು. ಭಾರತದ ವಿದ್ಯುತ್ ಸರಬರಾಜು 50 ಹರ್ಟ್ಸ್ ಆವರ್ತನದ್ದಾದ್ದರಿಂದ ಹಲವು ದೀಪಗಳ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಬರಿಗಣ್ಣಿಗೆ ತಿಳಿಯದ ಈ ಏರಿಳಿತ ವಿಡಿಯೊದಲ್ಲಿ ಮಿನುಗಾಗಿಯೋ ಪಟ್ಟೆಗಳಾಗಿಯೋ ಕಾಣಿಸಿಕೊಳ್ಳಬಹುದು. ಸೆಕೆಂಡಿಗೆ 25 ಫ್ರೇಮ್‌ಗಳ ವೇಗವನ್ನೂ 1/50 ಸೆಕೆಂಡಿನ ಶಟರ್ ಅವಧಿಯನ್ನೂ ಆರಿಸಿಕೊಂಡರೆ ಪ್ರತಿ ಫ್ರೇಮಿಗೂ ಸಮಪ್ರಮಾಣದ ಬೆಳಕು ದೊರೆತು ಆ ದೋಷ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ದೃಶ್ಯದ ಸಣ್ಣ ಕುಂದನ್ನು ಸಹಿಸುವ ನೋಡುಗರು ಅಸ್ಪಷ್ಟ ಧ್ವನಿಯನ್ನು ಸಹಿಸುವುದಿಲ್ಲ. ಫ್ಯಾನು, ಮಿಕ್ಸಿಗಳನ್ನು ನಿಲ್ಲಿಸಿ, ಕಾಲರ್ ಮೈಕನ್ನು ಎದೆಯ ಬಳಿ ಸಿಕ್ಕಿಸಿ, ಫೋನನ್ನು ಟ್ರೈಪಾಡ್ ಮೇಲೆ ಅಲುಗದಂತೆ ನಿಲ್ಲಿಸಿ, ಕರೆಗಳು ಬಾರದಂತೆ ಫ್ಲೈಟ್ ಮೋಡ್‌ಗೆ ಹಾಕಿ, ಮಸೂರವನ್ನು ಒರೆಸಿ, ಬ್ಯಾಟರಿ ಮತ್ತು ಸಂಗ್ರಹದ ಜಾಗವನ್ನು ಪರಿಶೀಲಿಸಿ, ಒಂದು ನಿಮಿಷದ ಪರೀಕ್ಷಾರ್ಥ ಚಿತ್ರಣವನ್ನು ಇಯರ್‌ಫೋನ್ ಹಾಕಿಕೊಂಡು ನೋಡಿದ ಬಳಿಕವೇ ನಿಜವಾದ ಚಿತ್ರೀಕರಣ ಆರಂಭವಾಗಬೇಕು. ಬರವಣಿಗೆಗೆ ಇಳಿಯದ ಹಾಡುಗಳು ಹಾಡುವವರೊಂದಿಗೇ ಮರೆಯಾಗುವ ಅಪಾಯವಿರುವಾಗ, ಇಂಥ ಸಿದ್ಧತೆಗೆ ವ್ಯಯಿಸುವ ಅರ್ಧ ಗಂಟೆ ಆ ಹಿರಿಯರಿಗೂ ಮುಂದಿನ ಪೀಳಿಗೆಗೂ ಸಲ್ಲಬೇಕಾದ ಗೌರವವೇ ಆಗಿದೆ.