ರಾಗಿಯ ತೆನೆಯೂ ವಂಶಗುಣಶಾಸ್ತ್ರವೂ

ಜೀವಶಾಸ್ತ್ರದ ಪಾಠಗಳಲ್ಲಿ ನಮ್ಮ ವಿದ್ಯಾರ್ಥಿನಿಯರಿಗೆ ಅತ್ಯಂತ ಕಠಿನವಾಗಿ ತೋರುವುದು ವಂಶಗುಣಗಳ ಅಧ್ಯಾಯವೆಂಬುದನ್ನು ನಾವು ಬಲ್ಲೆವು. ಪದಗಳನ್ನು ಬಾಯಿಪಾಠ ಮಾಡಿ ಒಪ್ಪಿಸುವರು. ಅರ್ಥವನ್ನು ಕೇಳಿದರೆ ಮೌನ. ಪುಸ್ತಕದಲ್ಲಿ ವರ್ಣಿತವಾದ ಬಟಾಣಿ ಗಿಡವನ್ನು ಮಾದಿಹಳ್ಳಿಯ ಸುತ್ತಣ ಹೊಲಗಳಲ್ಲಿ ಕಂಡವರು ಕಡಮೆ. ಆದಕಾರಣ ಎಲ್ಲರೂ ಬಲ್ಲ ರಾಗಿಯಿಂದಲೇ ಆರಂಭಿಸುವೆವು. ಮನೆಯ ರಾಗಿಯನ್ನೇ ಬಿತ್ತನೆಗೆ ತೆಗೆದಿರಿಸಿಕೊಳ್ಳಬಲ್ಲ ರೈತನು ಮುಸುಕಿನ ಜೋಳದ ಸಂಕರ ಬೀಜವನ್ನು ಮಾತ್ರ ವರ್ಷವರ್ಷವೂ ಹಣ ತೆತ್ತು ತರುವುದೇಕೆ? ಇದಕ್ಕೆ ಉತ್ತರ ಹೇಳಬಲ್ಲವಳು ಅಧ್ಯಾಯದ ಬಹುಪಾಲನ್ನು ಅರಿತಂತೆಯೇ ಸರಿ.

ರಾಗಿಯ ಹೂವು ಬಹು ಸಣ್ಣದು. ಪ್ರಾಯಶಃ ತನ್ನ ಪರಾಗದಿಂದಲೇ ಅದು ಕಾಳು ಕಟ್ಟುತ್ತದೆ. ಇದಕ್ಕೆ ಸ್ವಕೀಯ ಪರಾಗಸ್ಪರ್ಶವೆಂದು ಹೆಸರು. ಇಂತಹ ಪೈರಿನಲ್ಲಿ ಎರಡು ತಳಿಗಳನ್ನು ಕೂಡಿಸುವುದು ಎಷ್ಟು ತೊಡಕಿನ ಕಾರ್ಯವೆಂಬುದನ್ನು ಊಹಿಸಬಹುದು. ಮಂಡ್ಯದ ವಿ. ಸಿ. ಫಾರಂನಲ್ಲಿ ಈ ಕಾರ್ಯಕ್ಕೆ ಆಯುಷ್ಯವನ್ನೇ ಮುಡಿಪಿಟ್ಟವರು ‘ರಾಗಿ ಲಕ್ಷ್ಮಣಯ್ಯ’ ಎಂದೇ ಪ್ರಸಿದ್ಧರಾದ ಸಿ. ಎಚ್. ಲಕ್ಷ್ಮಣಯ್ಯನವರು (೧೯೨೧–೧೯೯೩). ಅರುಣ, ಉದಯ, ಪೂರ್ಣ, ಅನ್ನಪೂರ್ಣ ಮೊದಲಾದ ತಳಿಗಳನ್ನು ಪಡೆದ ತರುವಾಯ ಅವರು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಬೆಳಕಿಗೆ ತಂದರು. ಇಂಡಿಯ, ಆಫ್ರಿಕ ಎರಡೂ ಆ ಹೆಸರಿನಲ್ಲಿವೆ. ರಾಗಿಯ ತವರೇ ಆಫ್ರಿಕವಾದುದರಿಂದ ಇದನ್ನು ಅಗಲಿದ್ದ ಬಂಧುಗಳ ಸಮಾಗಮವೆಂದರೂ ಸಲ್ಲುವುದು.

ಎರಡು ಗಿಡಗಳ ತೆನೆಗಳನ್ನು ಒತ್ತಾಗಿ ಸೇರಿಸಿ ಕಟ್ಟಿದರೂ ಸಂಕರವಾಗುವ ಕಾಳು ಅತ್ಯಲ್ಪ. ಅವನ್ನು ಗುರುತಿಸುವುದು ಹೇಗೆ? ಶುದ್ಧ ಹಸಿರು ತಳಿಯನ್ನು ತಾಯಿಯಾಗಿಯೂ, ಗೆಣ್ಣಿನಲ್ಲಿ ನೇರಳೆ ಬಣ್ಣವುಳ್ಳ ಶುದ್ಧ ತಳಿಯನ್ನು ತಂದೆಯಾಗಿಯೂ ಆರಿಸುವರು. ತಾಯಿಯ ತೆನೆಯ ಕಾಳನ್ನು ಬಿತ್ತಿದಾಗ ನೇರಳೆ ಛಾಯೆ ತೋರಿದ ಸಸಿಗಳೇ ಸಂಕರದವು. ನೇರಳೆಯು ಪ್ರಬಲ ಗುಣ, ಹಸಿರು ದುರ್ಬಲ ಗುಣ. ಈ ‘ದುರ್ಬಲ’ ಎಂಬ ಪದವು ನಮಗೆ ಅಷ್ಟು ಹಿತವಲ್ಲ. ಪ್ರಬಲ ಗುಣವು ಜೊತೆಗಿದ್ದಾಗ ಮರೆಯಾಗಿರುವುದೆಂದಷ್ಟೇ ಅದರ ಅರ್ಥ, ಕೀಳಾದುದೆಂದಲ್ಲ.

ಗುಣವನ್ನು ನಿಯಮಿಸುವ ಘಟಕವೇ ಜೀನು. ೧೯೦೯ರಲ್ಲಿ ಯೋಹಾನ್ಸೆನ್ ಎಂಬ ಡೆನ್ಮಾರ್ಕಿನ ವಿಜ್ಞಾನಿಯು ಈ ಪದವನ್ನು ರೂಢಿಗೆ ತಂದನು. ಜೀನುಗಳು ಜೀವಕೋಶದೊಳಗಣ ವರ್ಣತಂತುಗಳ ಮೇಲಿರುತ್ತವೆ. ರಾಗಿಯಲ್ಲಿ ವರ್ಣತಂತುಗಳು ೩೬, ಮನುಷ್ಯರಲ್ಲಿ ೪೬. ಮಗುವು ಹೆಣ್ಣೋ ಗಂಡೋ ಎಂಬುದು ತಂದೆಯಿಂದ ಬರುವ ವರ್ಣತಂತುವಿನಿಂದ ನಿರ್ಣಯವಾಗುತ್ತದೆ. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಅತ್ತೆಯವರಿಗೆ ನಮ್ಮ ಹುಡುಗಿಯರು ಈ ಸಂಗತಿಯನ್ನು ವಿನಯದಿಂದಲೇ ತಿಳಿಸಬಹುದು.

ಲೆಕ್ಕವು ಸುಲಭವಾಗುವಂತೆ ಬಣ್ಣಕ್ಕೆ ಒಂದೇ ಜೋಡಿ ಜೀನುಗಳಿವೆಯೆಂದು ಎಣಿಸೋಣ. ತಾಯಿಯಿಂದ ಒಂದು, ತಂದೆಯಿಂದ ಒಂದು. ನೇರಳೆಗೆ ‘ನ’, ಹಸಿರಿಗೆ ‘ಹ’ ಎಂದಿರಲಿ. ‘ನನ’ ಗಿಡವೂ ‘ನಹ’ ಗಿಡವೂ ಕಣ್ಣಿಗೆ ನೇರಳೆಯೇ. ಹೀಗೆ ಕಾಣುವ ರೂಪವು ಫೀನೋಟೈಪ್, ಒಳಗಣ ಜೀನುಗಳ ಕಟ್ಟು ಜೀನೋಟೈಪ್. ಜೋಡಿಯೆರಡೂ ಒಂದೇ ಆದರೆ ಸಮಯುಗ್ಮಜ, ಬೇರೆಯಾದರೆ ವಿಷಮಯುಗ್ಮಜ. ‘ನಹ’ ಗಿಡವು ಸ್ವಕೀಯವಾಗಿ ಕಾಳು ಕಟ್ಟಿದರೆ ಮಕ್ಕಳಲ್ಲಿ ಮೂರು ಪಾಲು ನೇರಳೆ, ಒಂದು ಪಾಲು ಹಸಿರು. ಮೆಂಡೆಲನು ೧೮೬೬ರಲ್ಲಿ ಪ್ರಕಟಿಸಿದ ಬಟಾಣಿಯ ಲೆಕ್ಕದಲ್ಲಿ ದುಂಡು ಕಾಳು ೫೪೭೪, ಸುಕ್ಕು ಕಾಳು ೧೮೫೦, ಅದೇ ಪ್ರಮಾಣ.

ಇನ್ನು ರೈತನ ಪ್ರಶ್ನೆಗೆ ಬರೋಣ. ಸ್ವಕೀಯ ಪರಾಗಸ್ಪರ್ಶದಲ್ಲಿ ಪ್ರತಿ ತಲೆಮಾರಿಗೂ ವಿಷಮಯುಗ್ಮಜಗಳ ಪಾಲು ಅರ್ಧಕ್ಕೆ ಇಳಿಯುತ್ತದೆ: ಎರಡರಲ್ಲೊಂದು, ನಾಲ್ಕರಲ್ಲೊಂದು, ಆರನೆಯ ತಲೆಮಾರಿಗೆ ಅರವತ್ತನಾಲ್ಕರಲ್ಲೊಂದು. ಹೀಗೆ ಹಲವು ತಲೆಮಾರು ಆರಿಸಿ ಬೆಳೆಸಿದುದರಿಂದ ಇಂಡಾಫ್ ರಾಗಿಯು ಸಂಕರದಿಂದ ಹುಟ್ಟಿದರೂ ಸ್ಥಿರವಾಯಿತು; ಮನೆಯ ಕಾಳನ್ನು ಬಿತ್ತಿದರೂ ತಾಯಿಯಂತೆಯೇ ಬೆಳೆಯುವುದು. ಮುಸುಕಿನ ಜೋಳದ ಸಂಕರ ಬೀಜವಾದರೋ ಮೊದಲನೆಯ ತಲೆಮಾರಿನದು. ಅದರ ಹುಲುಸು ಇರುವುದೇ ವಿಷಮಯುಗ್ಮಜ ಸ್ಥಿತಿಯಲ್ಲಿ. ಆ ಬೆಳೆಯ ಕಾಳನ್ನು ಮತ್ತೆ ಬಿತ್ತಿದರೆ ‘ನಹ’ದ ಮಕ್ಕಳಂತೆಯೇ ಗುಣಗಳು ಒಡೆದು, ಒಂದು ಗಿಡ ಎತ್ತರ, ಮತ್ತೊಂದು ಕುಳ್ಳಾಗಿ, ಇಳುವರಿಯು ತಗ್ಗುವುದು. ಸಾಲದ್ದಕ್ಕೆ ಜೋಳದ ಪರಾಗವು ಗಾಳಿಯಲ್ಲಿ ಹಾರಿ ನೆರೆಹೊಲದ ತೆನೆಯನ್ನೂ ಮುಟ್ಟುತ್ತದೆ.